ಹಿತ್ತಿಲಲ್ಲಿ ಹಾಕಿದ ಕುರ್ಚಿ

ಚಿಂತಾಮಣಿಯಲ್ಲಿ ನಾವು ಏಳೆಂಟು ಜನ ಓದುಗರು ತಿಂಗಳಿಗೊಮ್ಮೆ ಸೇರುತ್ತೇವೆ. ಕಳೆದ ಸಲ ಸಣ್ಣ ಊರುಗಳ ರಾಜಕೀಯವನ್ನು ಕುರಿತ ಕಾದಂಬರಿಗಳ ಮಾತು ಬಂದಾಗ, ನಾನು ಗೌರವಿಸುವ ನಿವೃತ್ತ ಮೇಷ್ಟ್ರೊಬ್ಬರು, ‘ವಿಧಾನಸೌಧದ ರಾಜಕೀಯವಾದರೆ ಸರಿ, ಪಂಚಾಯ್ತಿ ಎಲೆಕ್ಷನ್‌ನಲ್ಲಿ ಕಾದಂಬರಿಗೆ ಆಗುವಂಥದ್ದು ಏನಿದೆ ಹೇಳಪ್ಪಾ’ ಎಂದು ಕೇಳಿದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ.

ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹಾಗಾಗಿ ಅಲ್ಲಿ ಮತದಾರನ ಮುಂದೆ ಪ್ರಣಾಳಿಕೆಯಾಗಲಿ ದೂರದ ನಾಯಕನ ಭಾವಚಿತ್ರವಾಗಲಿ ಇರುವುದಿಲ್ಲ, ಇರುವುದು ತಾನು ದಿನವೂ ಕಾಣುವ ಒಂದು ಮುಖ. ಆ ಮುಖದ ಮನೆಗೆ ತಾನು ಎಷ್ಟು ಬಾಕಿ ಕೊಡಬೇಕು, ಟ್ಯಾಂಕರ್ ಬಂದಾಗ ಯಾರ ಬೀದಿಗೆ ಮೊದಲು ನೀರು ಬಿಡಿಸಿದರು, ಹತ್ತು ವರ್ಷದ ಹಿಂದೆ ಯಾರ ಮದುವೆಯಲ್ಲಿ ಯಾರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದರು ಎಂಬುದೆಲ್ಲ ಆ ಮತದೊಳಗೆ ಸೇರಿಕೊಂಡಿರುತ್ತದೆ. ಪಾತ್ರಗಳನ್ನೇ ನಂಬಿ ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಫಲವತ್ತಾದ ನೆಲ ಎಲ್ಲಿ ಸಿಗುತ್ತದೆ?

ನನ್ನ ತಕರಾರು ಇರುವುದು ಇಂಥ ಕಥೆಗಳನ್ನು ನಾವು ಬರೆಯುವ ರೀತಿಯ ಬಗ್ಗೆ. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಪರಿಶಿಷ್ಟರಿಗೂ ಮಹಿಳೆಯರಿಗೂ ಸ್ಥಾನಗಳು ಮೀಸಲಾದವು, 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೇ ಸಂದವು. ಮೀಸಲಾತಿ ಪಟ್ಟಿ ಹೊರಬಿದ್ದ ದಿನ, ತಲೆಮಾರುಗಳಿಂದ ಊರನ್ನು ಆಳಿದ ಮನೆಯವರು ತಮ್ಮ ಹೊಲಕ್ಕೆ ಕೂಲಿಗೆ ಬರುವವಳನ್ನೇ ಕರೆದು ನಾಮಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ನಮಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಬರಹಗಳು ಆಕೆಯನ್ನು ಬರೀ ಕೈಗೊಂಬೆ ಎಂದು ತೋರಿಸಿ ಮುಂದೆ ಹೋಗಿಬಿಡುತ್ತವೆ. ಆಕೆಗೆ ಹೆದರಿಕೆ ಇರುತ್ತದೆ ನಿಜ, ಆದರೆ ‘ಮೆಂಬರಮ್ಮ’ ಎಂದು ಕರೆಸಿಕೊಳ್ಳುವ ಹಿಗ್ಗೂ ಇರುತ್ತದೆ. ತನ್ನ ಬೀದಿಗೆ ಒಂದು ನಲ್ಲಿ ಹಾಕಿಸುವ ಹಟವಿರುತ್ತದೆ. ತನ್ನನ್ನು ದುಡಿಸಿಕೊಂಡ ಯಜಮಾನಿಯ ಮೇಲೆ, ತನ್ನ ಬಾಣಂತನದಲ್ಲಿ ಆಕೆ ಕಳಿಸಿಕೊಟ್ಟ ಬೆಲ್ಲ ಬೆಣ್ಣೆಯ ನೆನಪಿಗೆ, ಬಿಡಿಸಿಕೊಳ್ಳಲಾಗದ ಪ್ರೀತಿಯೂ ಇರುತ್ತದೆ. ಇಷ್ಟೆಲ್ಲ ಇಲ್ಲದಿದ್ದರೆ ಆಕೆ ಇತರರ ಕರುಣೆಗೆ ನಿಮಿತ್ತವಾಗುತ್ತಾಳೆಯೇ ಹೊರತು ಪಾತ್ರವಾಗುವುದಿಲ್ಲ.

ನಮ್ಮ ಸೀಮೆಯ ಕಾದಂಬರಿಕಾರನಿಗೆ ಭಾಷೆಯೇ ಒಂದು ದೊಡ್ಡ ಆಸರೆ. ಇಲ್ಲಿ ಎಷ್ಟೋ ಮನೆಗಳ ಒಳಗೆ ತೆಲುಗು, ಕಚೇರಿಯಲ್ಲಿ ಕನ್ನಡ. ‘ರಾವೇ’ (ಬಾರೇ) ಎಂದು ಏಕವಚನದಲ್ಲಿ ಕರೆಯುತ್ತಿದ್ದ ಯಜಮಾನಿ ಚುನಾವಣೆಯ ಮರುದಿನ ‘ರಾಮ್ಮಾ’ (ಬಾರಮ್ಮಾ) ಎನ್ನುತ್ತಾಳೆ. ಅವಧಿ ಮುಗಿದ ಮೇಲೆ ಯಾವ ಮಾತು ಉಳಿಯುತ್ತದೆ ಎಂಬುದನ್ನು ಮನಸ್ಸಿಟ್ಟು ಕೇಳಿಸಿಕೊಂಡವನು ಭಾಷಣ, ಮೆರವಣಿಗೆ ಯಾವುದರ ಹಂಗೂ ಇಲ್ಲದೆ ವರ್ಗದ ಬಗ್ಗೆ ಬರೆಯಬಲ್ಲ. (ಜಾತಿಯನ್ನು ಬಿಟ್ಟು ವರ್ಗವೊಂದನ್ನೇ ಇಲ್ಲಿ ಬರೆಯಲಾಗದು ಎಂಬುದನ್ನು ಬೇರೆ ಹೇಳಬೇಕಿಲ್ಲ.)

ಇನ್ನೊಂದನ್ನು ಹೇಳದಿದ್ದರೆ ಈ ತಾಲ್ಲೂಕಿನವನಾಗಿ ನಾನು ಬರೆದದ್ದು ಅಪ್ರಾಮಾಣಿಕವಾಗುತ್ತದೆ. ಚಿಂತಾಮಣಿ ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದಾಗ, 2000ದ ಮಾರ್ಚ್ 11ರಂದು, ಇದೇ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ವಿಚಾರಣೆಯಲ್ಲಿ ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಸಾಕ್ಷಿ ಏನು ನುಡಿದ ಎಂಬುದು ನ್ಯಾಯಾಲಯದ ಕಡತದಲ್ಲಿದೆ. ಅಂಥ ಒಬ್ಬ ಸಾಕ್ಷಿ ಹಿಂದಿನ ರಾತ್ರಿಯನ್ನು ಹೇಗೆ ಕಳೆದಿರಬಹುದು, ನಾಳೆ ಯಾರ ಹೊಲಕ್ಕೆ ಕೂಲಿಗೆ ಹೋಗುವುದು, ಯಾರ ಅಂಗಡಿಯಲ್ಲಿ ಸಾಲ ತರುವುದು ಎಂದು ಗಂಡ ಹೆಂಡತಿ ಹೇಗೆ ಮಾತಾಡಿಕೊಂಡಿರಬಹುದು ಎಂಬುದು ಯಾವ ಕಡತದಲ್ಲೂ ಇಲ್ಲ. ಅಲ್ಲಿಗೆ ಹೋಗಬಲ್ಲದ್ದು ಕಾದಂಬರಿಯೊಂದೇ ಎಂದು ನಾನು ನಂಬಿದ್ದೇನೆ.

ಮೇಷ್ಟ್ರೇ, ನಿಮಗೆ ಅಂದು ಹೇಳಬೇಕಾಗಿದ್ದದ್ದು ನಮ್ಮ ಮನೆಯದೇ ಒಂದು ಸಂಗತಿ. ನಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಪಂಚಾಯ್ತಿ ಸದಸ್ಯೆಯಾದಾಗ ನನಗೆ ಹನ್ನೆರಡು ವರ್ಷ. ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವಳಾದರೂ ಅದುವರೆಗೂ ಏಕವಚನದಲ್ಲೇ ಕರೆಯುತ್ತಿದ್ದ ನನ್ನ ಅಜ್ಜಿ ಅಂದು ‘ರಾಮ್ಮಾ’ ಎಂದು ಕರೆದು, ನನ್ನ ಕೈಯಲ್ಲಿ ಒಂದು ಕುರ್ಚಿ ತರಿಸಿ ಹಾಕಿಸಿದಳು. ಆದರೆ ಹಾಕಿಸಿದ್ದು ಹಿತ್ತಿಲಲ್ಲಿ, ಸೌದೆ ಒಟ್ಟಿದ್ದ ಜಾಗದ ಪಕ್ಕದಲ್ಲಿ. ಆ ಸದಸ್ಯೆ ಕುರ್ಚಿಯ ಬೆನ್ನನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಾಫಿ ಮುಗಿಯುವವರೆಗೂ ನಿಂತೇ ಇದ್ದರು. ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು.