ಬ್ರಿಟನ್ನಿನ ಅರಮನೆ ಮೇಲೆ ಅಮೆರಿಕನ್ನರಿಗೆ ಇಷ್ಟು ಮೋಹ ಸರಿಯೇ?

ಪರ: ತಮ್ಮನ್ನು ಆಳದ ರಾಜನನ್ನು ಮೆಚ್ಚಿದರೆ ನಷ್ಟವೇನು?

ಅಮೆರಿಕದವರಿಗೆ ಬ್ರಿಟನ್ನಿನ ರಾಜ ಬೇಡ, ರಾಜಮನೆತನದ ಸುದ್ದಿ ಮಾತ್ರ ಬೇಕು. ಇದರಲ್ಲಿ ಏನೋ ಎಡವಟ್ಟಿದೆ ಎನ್ನುವವರು ಬಹಳ ಜನ. ನನಗೆ ಹಾಗೆ ಕಾಣುವುದಿಲ್ಲ.

1776ರಲ್ಲಿ ಅವರ ಜಗಳ ಇದ್ದದ್ದು ಅಧಿಕಾರದ ಜೊತೆ. ಒಪ್ಪಿಗೆ ಕೇಳದೆ ತೆರಿಗೆ ಹಾಕಿದ್ದು, ಶಾಂತಿಯ ಕಾಲದಲ್ಲೂ ಸೈನ್ಯ ತಂದು ನಿಲ್ಲಿಸಿದ್ದು, ಶಾಸನಸಭೆಗಳನ್ನು ವಿಸರ್ಜಿಸಿದ್ದು... ಆಗಿನ ಬ್ರಿಟನ್ ದೊರೆ ಮೂರನೇ ಜಾರ್ಜ್ ಮೇಲಿನ ದೂರುಗಳ ಉದ್ದ ಪಟ್ಟಿಯೇ ಸ್ವಾತಂತ್ರ್ಯ ಘೋಷಣೆಯಲ್ಲಿದೆ. ಅದೇ ಜುಲೈನಲ್ಲಿ ನ್ಯೂಯಾರ್ಕಿನ ಜನ ಆ ದೊರೆಯ ಪ್ರತಿಮೆಯನ್ನು ಉರುಳಿಸಿದರು. ಅದರ ಸೀಸ ಬಂದೂಕಿನ ಗುಂಡುಗಳಾಯಿತು. ಇಂದಿನ ರಾಜನಿಗೆ ಅಂಥ ಯಾವ ಅಧಿಕಾರವೂ ಇಲ್ಲ. ಉಳಿದಿರುವುದು ಒಂದು ಕುಟುಂಬ, ಅದರ ಮದುವೆ, ಸಾವು, ಮನಸ್ತಾಪ. 2018ರಲ್ಲಿ ಹ್ಯಾರಿ ಮತ್ತು ಮೇಘನ್ ಮದುವೆಯನ್ನು ಅಮೆರಿಕದಲ್ಲಿ ಸುಮಾರು 2.9 ಕೋಟಿ ಜನ ಟಿವಿಯಲ್ಲಿ ನೋಡಿದರು. ಕ್ಯಾಲಿಫೋರ್ನಿಯಾದಲ್ಲಿ ಆಗಿನ್ನೂ ನಸುಕು. ಎದ್ದು ಕೂತು ನೋಡಿದವರು ಯಾರೂ ತಮ್ಮ ಗಣರಾಜ್ಯವನ್ನು ಬಿಟ್ಟುಕೊಡಲಿಲ್ಲ ಅಲ್ವಾ?

ಈ ಅಕ್ಕರೆಯಿಂದ ಒಳ್ಳೆಯದೂ ಆಗಿದೆ. 1939ರ ಜೂನ್ ನೆನಪಿಸಿಕೊಳ್ಳಿ. ಯುರೋಪಿನಲ್ಲಿ ಯುದ್ಧದ ಮೋಡ. ಇನ್ನೊಬ್ಬರ ಯುದ್ಧಕ್ಕೆ ನಮ್ಮ ಹುಡುಗರನ್ನು ಕಳಿಸಬೇಡಿ ಎಂಬ ಮಾತು ಅಮೆರಿಕದಲ್ಲಿ ಜೋರಾಗಿತ್ತು. ಆಗ ದೊರೆ ಆರನೇ ಜಾರ್ಜ್ ಮತ್ತು ಅವರ ಪತ್ನಿ ರಾಣಿ ಎಲಿಜಬೆತ್ ಅಮೆರಿಕಕ್ಕೆ ಬಂದರು. ಪಟ್ಟದಲ್ಲಿರುವ ಬ್ರಿಟಿಷ್ ದೊರೆಯೊಬ್ಬ ಆ ನೆಲಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನ ತಮ್ಮ ಸ್ವಂತ ಮನೆಗೆ ಕರೆದು, ಪಿಕ್‌ನಿಕ್‌ನಲ್ಲಿ ಹಾಟ್ ಡಾಗ್ ಬಡಿಸಿದರು. ದೊರೆ ತಿಂದದ್ದು ದೊಡ್ಡ ಸುದ್ದಿಯಾಯಿತು. ರಾತ್ರಿ ಹೊತ್ತು ಇಬ್ಬರೂ ಕೂತು ಯುದ್ಧದ ವಿಷಯ ಮಾತಾಡಿದರು. 1941ರಲ್ಲಿ ಬ್ರಿಟನ್ನಿಗೆ ಶಸ್ತ್ರಾಸ್ತ್ರದ ನೆರವು ಸಿಕ್ಕಿದ್ದು ಆ ಒಂದು ಊಟದಿಂದ ಎಂದು ನಾನು ಹೇಳುವುದಿಲ್ಲ. ಆದರೆ ದೂರದ ದೇಶವೊಂದು ತಮ್ಮದೇ ಎನಿಸಲು ಜನರಿಗೆ ಒಂದು ಮುಖ ಬೇಕು. ಆ ಮುಖ ಅವತ್ತು ಸಿಕ್ಕಿತು.

1976ರಲ್ಲಿ, ಅಮೆರಿಕ ಬೇರೆಯಾಗಿ 200 ವರ್ಷ ತುಂಬಿದಾಗ, ಮೂರನೇ ಜಾರ್ಜ್ ವಂಶದ ಎರಡನೇ ಎಲಿಜಬೆತ್ ಫಿಲಡೆಲ್ಫಿಯಾಕ್ಕೆ ಒಂದು ದೊಡ್ಡ ಗಂಟೆ ತಂದುಕೊಟ್ಟರು. ಜುಲೈ 4ನ್ನು ಬ್ರಿಟನ್ನಿನಲ್ಲೂ ಆಚರಿಸಬೇಕು, ನಮಗೆ ಅದೊಂದು ಒಳ್ಳೆಯ ಪಾಠ ಕಲಿಸಿತು ಎಂದು ಅಲ್ಲೇ ಹೇಳಿದರು. ಸೋತ ಕಡೆಯವರು ಹೀಗೆ ಮನಸ್ಸು ಬಿಚ್ಚಿ ಮಾತಾಡುವುದು ತೀರ ಅಪರೂಪ. ಅಂಥವರನ್ನು ಜನ ಮೆಚ್ಚದೆ ಇರುತ್ತಾರೆಯೇ?

ಅಂತರವನ್ನೂ ಅವರು ಮರೆತಿಲ್ಲ. ಬ್ರಿಟನ್ನಿನ ಯಾವ ಪಟ್ಟಾಭಿಷೇಕಕ್ಕೂ ಅಮೆರಿಕದ ಅಧ್ಯಕ್ಷರು ಹೋದದ್ದಿಲ್ಲ. 2023ರಲ್ಲಿ ಚಾರ್ಲ್ಸ್ ಕಿರೀಟ ತೊಟ್ಟಾಗಲೂ ಬೈಡನ್ ಹೋಗಲಿಲ್ಲ, ಪತ್ನಿ ಜಿಲ್ ಹೋದರು.

ವಿರೋಧ: ಹುಟ್ಟಿಗೇ ಗೌರವ ಕೊಡುವುದಾದರೆ ಕ್ರಾಂತಿ ಯಾಕೆ ಬೇಕಿತ್ತು?

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಒಂದು ಪ್ರಮಾಣವಚನ ನೆನಪಿರುತ್ತದೆ. ಬಲಗೈ ಎತ್ತಿ, ಪರದೇಶದ ಯಾವ ರಾಜನಿಗೂ ಯಾವ ಪ್ರಭುತ್ವಕ್ಕೂ ಇನ್ನು ನಿಷ್ಠನಲ್ಲ ಎನ್ನಬೇಕು. ವಂಶದಿಂದ ಬಂದ ಬಿರುದು ಇದ್ದರೆ ಅದನ್ನೂ ಬಿಡಬೇಕು. ಸರ್ಕಾರ ಯಾರಿಗೂ ಅಂಥ ಬಿರುದು ಕೊಡಬಾರದು ಎಂದು ಸಂವಿಧಾನದ ಮೊದಲ ವಿಧಿಯಲ್ಲೇ ಬರೆದಿದ್ದಾರೆ. ಯಾರೂ ಹುಟ್ಟಿನಿಂದ ದೊಡ್ಡವರಲ್ಲ ಎಂಬುದು ಆ ದೇಶ ಜಗತ್ತಿಗೆ ಕೊಟ್ಟ ಮಾತು. ಹುಟ್ಟಿದ್ದೇ ಅರ್ಹತೆಯಾದ ಒಂದು ಮನೆಯ ಮುಂದೆ ಅದೇ ದೇಶ ಕಣ್ಣರಳಿಸಿ ನಿಂತರೆ ಆ ಮಾತಿನ ಬೆಲೆ ಕಡಿಮೆಯಾಗುತ್ತದೆ.

ಇದು ಸುಮ್ನೆ ಮನರಂಜನೆ ಎನ್ನುತ್ತಾರೆ. ಆದರೆ ಮದುವೆ ಸೀರಿಯಲ್‌ನಂತೆ ನೋಡುತ್ತಾ ಹೋದರೆ ಆ ಕಿರೀಟದ ಚರಿತ್ರೆ ಮರೆತೇಹೋಗುತ್ತದೆ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದದ್ದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ. ಹತ್ತು ವರ್ಷ ಕಳೆದು ಅದೇ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ. ಆ ಕಾಲದ ಅಮೆರಿಕನ್ನರಿಗೆ ಈ ನಂಟು ಚೆನ್ನಾಗಿ ಗೊತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ ಹೈದರ್ ಅಲಿಯ ಹೆಸರಿಟ್ಟಿದ್ದರು. ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಇಂಗ್ಲಿಷರ ಜೊತೆ ಕಾದಾಡುತ್ತಿದ್ದ ಮೈಸೂರಿನವನು ಅವರಿಗೆ ನಮ್ಮವನು ಎನಿಸಿದ್ದ. ಇವತ್ತು ಎಷ್ಟು ಅಮೆರಿಕನ್ನರಿಗೆ ಆ ಹೆಸರು ಗೊತ್ತು? ರಾಜಕುಮಾರಿಯ ಉಡುಪಿನ ಬಣ್ಣ ಮಾತ್ರ ಎಲ್ಲರಿಗೂ ಗೊತ್ತು.

ಈ ಮೋಹ ಆ ಮನೆಯವರಿಗೂ ಒಳ್ಳೆಯದು ಮಾಡಿಲ್ಲ. ಡಯಾನಾ ಹೋದಲ್ಲೆಲ್ಲ ಕ್ಯಾಮೆರಾಗಳು ಬೆನ್ನುಬಿದ್ದವು, ಯಾಕೆಂದರೆ ಆ ಫೋಟೋ ಕೊಳ್ಳುವವರು ಅಟ್ಲಾಂಟಿಕ್‌ನ ಎರಡೂ ದಡದಲ್ಲಿದ್ದರು. 1997ರ ಆಗಸ್ಟ್ 31ರಂದು ಪ್ಯಾರಿಸ್‌ನಲ್ಲಿ ಆಕೆ ಸತ್ತರು. ನಮ್ಮ ಕಾಲದಲ್ಲಿ ಅತಿ ಹೆಚ್ಚು ಬೇಟೆಗೆ ಒಳಗಾದವಳು ಎಂದು ಅಂತ್ಯಕ್ರಿಯೆಯಲ್ಲಿ ತಮ್ಮನೇ ಹೇಳಿದ. 2021ರ ಮಾರ್ಚ್‌ನಲ್ಲಿ ಮೇಘನ್ ಟಿವಿ ಸಂದರ್ಶನವೊಂದರಲ್ಲಿ, ಬದುಕೇ ಬೇಡ ಎನಿಸಿತ್ತು ಎಂದರು. ಹುಟ್ಟುವ ಮಗುವಿನ ಮೈಬಣ್ಣದ ಬಗ್ಗೆ ಮನೆಯೊಳಗೆ ಮಾತು ಬಂದಿತ್ತು ಎಂದರು. ಅವತ್ತು ಅಮೆರಿಕದಲ್ಲಿ 1.7 ಕೋಟಿ ಜನ ಅದನ್ನು ನೋಡಿದರು. ಆಮೇಲೆ ಚರ್ಚೆ ಇಳಿದದ್ದು ಎಲ್ಲಿಗೆ? ನೀವು ಮೇಘನ್ ಕಡೆಯೋ, ಹ್ಯಾರಿಯ ಅತ್ತಿಗೆ ಕೇಟ್ ಕಡೆಯೋ ಎಂಬಲ್ಲಿಗೆ. ಒಬ್ಬ ಹೆಣ್ಣುಮಗಳ ನೋವನ್ನು ಹೀಗೆ ಪಂದ್ಯ ಮಾಡುವುದು ನನಗೆ ತೀರ ನೋವಿನ ವಿಷಯ.

ಹೈಡ್ ಪಾರ್ಕ್ ಊಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅವತ್ತಿನ ಉದ್ದೇಶ ಒಳ್ಳೆಯದಿತ್ತು, ಒಪ್ಪುತ್ತೇನೆ. ಆದರೆ ಈ ಆಸೆಯನ್ನು ಯಾರು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. 2025ರ ಫೆಬ್ರವರಿಯಲ್ಲಿ ಪ್ರಧಾನಿ ಸ್ಟಾರ್ಮರ್ ಶ್ವೇತಭವನಕ್ಕೆ ಹೋದಾಗ ಜೇಬಿನಿಂದ ರಾಜ ಚಾರ್ಲ್ಸ್ ಬರೆದ ಆಹ್ವಾನಪತ್ರ ತೆಗೆದು, ಕ್ಯಾಮೆರಾಗಳ ಎದುರೇ ಟ್ರಂಪ್ ಕೈಗೆ ಕೊಟ್ಟರು. ಆಗ ಸುಂಕದ ಮಾತುಕತೆ ನಡೆಯುತ್ತಿತ್ತು, ಉಕ್ರೇನ್ ಭವಿಷ್ಯವೂ ತೂಗಾಡುತ್ತಿತ್ತು. ಸೆಪ್ಟೆಂಬರ್‌ನಲ್ಲಿ ವಿಂಡ್ಸರ್‌ನ ಕುದುರೆಗಾಡಿಯಲ್ಲಿ ಮೆರವಣಿಗೆಯೂ ಆಯಿತು. ಅಧ್ಯಕ್ಷರ ಮನಸ್ಸು ಅರಮನೆಯ ಕರೆಗೆ ಕರಗುತ್ತದೆ ಎಂಬ ಲೆಕ್ಕ ಇಲ್ಲದೆ ಆ ಪತ್ರ ಅಲ್ಲಿಗೆ ಬರುತ್ತಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ, ಟ್ರಂಪ್ ರಾಜನಂತೆ ಆಳುತ್ತಿದ್ದಾರೆ ಎಂದು ದೂರಿ, ‘ರಾಜರು ಬೇಡ’ ಎಂಬ ಫಲಕ ಹಿಡಿದು ಲಕ್ಷಗಟ್ಟಲೆ ಅಮೆರಿಕನ್ನರು ಬೀದಿಗೆ ಬಂದರು. ನಾನು ಅವರ ಕಡೆ.