ಭಾವ ಕೊಡಿಸಿದ ಎಡಿಟಿಂಗ್ ಮೆಷಿನ್

ವಿಡಿಯೋ ಎಡಿಟಿಂಗ್‌ಗೆ ಹೊಸ ಕಂಪ್ಯೂಟರ್ ಬೇಕು ಅಂತ ಮನೆಯಲ್ಲಿ ಬಾಯಿ ಬಿಡಬಾರದು. ಬಿಟ್ಟರೂ ಭಾವನ ಮುಂದೆ ಬಿಡಬಾರದು. ನಮ್ಮ ಭಾವ ಕಂಪ್ಯೂಟರ್ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ, ಕಂಪ್ಯೂಟರ್ ಹೇಳಿದ್ದನ್ನೂ ಕೇಳುವುದಿಲ್ಲ. ನಾನು ಶೂಟಿಂಗ್ ಮುಗಿಸಿ ವಾಪಸ್ ಬರುವಷ್ಟರಲ್ಲಿ ಮೇಜಿನ ಕೆಳಗೆ ದೊಡ್ಡದೊಂದು ಗಾಜಿನ ಡಬ್ಬ ಕೂತಿತ್ತು. ಒಳಗೆ ಸಾಲು ಸಾಲು ಫ್ಯಾನು. ಒಂದೊಂದಕ್ಕೂ ದೀಪ.

"1 ಕೋಟಿ 67 ಲಕ್ಷ ಬಣ್ಣ ಬರುತ್ತೆ ಕಣೋ" ಎಂದರು ಭಾವ.

"ಯಾವುದರಲ್ಲಿ, ಮಾನಿಟರ್‌ನಲ್ಲಾ?"

"ಅಲ್ವೋ, ಫ್ಯಾನ್‌ನಲ್ಲಿ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ನಾಲಿಗೆ ತುದಿವರೆಗೂ ಬಂತು. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ನುಂಗಿಕೊಂಡೆ.

ಎಡಿಟಿಂಗ್ ಮೆಷಿನ್ ಕೊಳ್ಳುವವರೆಲ್ಲ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಕ್ಯಾಮೆರಾದಿಂದ ಶುರು ಮಾಡಬೇಕು. ಕ್ಯಾಮೆರಾ ಯಾವ ಕೋಡೆಕ್‌ನಲ್ಲಿ ಬರೆಯುತ್ತದೆ, ಅಂದರೆ ವಿಡಿಯೋವನ್ನು ಯಾವ ರೀತಿಯಲ್ಲಿ ಕುಗ್ಗಿಸಿ ಇಡುತ್ತದೆ ಅಂತ ಮೊದಲು ಗೊತ್ತಾಗಬೇಕು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ಇದನ್ನು ಭಾವನಿಗೆ ಹೇಳೋಣ ಅಂತ ಹೋದರೆ ಅವರು, "ವಿಡಿಯೋ ಅಂದ್ಮೇಲೆ ವಿಡಿಯೋ ತಾನೆ, ಅದರಲ್ಲೇನು ಜಾತಿ?" ಎಂದರು.

ಜಾತಿ ಇದೆ. ಜಾಗ ಉಳಿಸುವುದಕ್ಕೆ ಕ್ಯಾಮೆರಾ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ ಇಡುತ್ತದೆ. ನಡುವಿನ ಫ್ರೇಮುಗಳಿಗೆ 'ಎಲ್ಲಾ ಹಿಂದಿನ ಹಾಗೇ, ಕೈ ಮಾತ್ರ ಸ್ವಲ್ಪ ಮೇಲೆ' ಅನ್ನುವಂಥ ಟಿಪ್ಪಣಿ ಬರೆದು ಕೈ ತೊಳೆದುಕೊಳ್ಳುತ್ತದೆ. ಸುಮ್ನೆ ನೋಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಎಡಿಟ್ ಮಾಡುವವನು ಮಧ್ಯದಲ್ಲೆಲ್ಲೋ ಒಂದು ಫ್ರೇಮಿನ ಮೇಲೆ ಹೋಗಿ ನಿಂತರೆ ಮಾತ್ರ, ಮೆಷಿನ್ ಹಿಂದಕ್ಕೆ ಓಡಿ, ಪೂರ್ತಿ ಚಿತ್ರ ಹುಡುಕಿ, ಅಲ್ಲಿಂದ ಎಲ್ಲ ಟಿಪ್ಪಣಿ ಓದಿಕೊಂಡು ಬರಬೇಕು. ಎಚ್.264, ಎಚ್.265 ಅನ್ನುವ ಕೋಡೆಕ್ ಫೈಲುಗಳು ಸಾಮಾನ್ಯವಾಗಿ ಇದೇ ಥರ ಇರುತ್ತವೆ. ನನ್ನ ಕ್ಯಾಮೆರಾ ಬರೆಯುವುದು ಎಚ್.265, ಅದೂ 10 ಬಿಟ್, 4:2:2, ಅಂದರೆ ಬಣ್ಣದ ವಿವರ ಮಾಮೂಲಿಗಿಂತ ಜಾಸ್ತಿ. ಬಣ್ಣಕ್ಕೆ ಬಹಳ ಒಳ್ಳೆಯದು. ಮೆಷಿನ್‌ಗೆ ಬಹಳ ಕೆಟ್ಟದ್ದು.

ಭಾವ ಮೊದಲು ಒಂದು ಗೇಮ್ ಹಾಕಿ ತೋರಿಸಿದರು. ನೀರಿನ ಹಾಗೆ ಓಡಿತು. "ನೋಡ್ದಾ?" ಎಂದರು. ಆಮೇಲೆ ನಾನು ನನ್ನ ಕ್ಲಿಪ್ ಟೈಮ್‌ಲೈನ್‌ಗೆ ಎಳೆದು ಸ್ಪೇಸ್‌ಬಾರ್ ಒತ್ತಿದೆ. ಪರದೆಯ ಮೇಲೆ ಭಾಷಣಕಾರರು ಬಾಯಿ ತೆರೆದರು. ತೆರೆದೇ ಇದ್ದರು. ಧ್ವನಿ ಮುಂದೆ ಹೋಯಿತು, 'ಎರಡೇ ಮಾತು ಹೇಳಿ ಮುಗಿಸುತ್ತೇನೆ' ಎಂದಿತು. ಬಾಯಿ ಇನ್ನೂ ಮೊದಲನೆಯ ಮಾತಿನಲ್ಲೇ ಇತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಪ್ರೊಸೆಸರ್ 100%, ಅಷ್ಟು ದುಡ್ಡು ಸುರಿದ ಗ್ರಾಫಿಕ್ಸ್ ಕಾರ್ಡ್ 3%. ಒಬ್ಬ ಬೆವರು ಸುರಿಸುತ್ತಿದ್ದ, ಇನ್ನೊಬ್ಬ ಪಕ್ಕದಲ್ಲಿ ಕೂತು ದೀಪ ಮಿನುಗಿಸುತ್ತಿದ್ದ.

ಕಾರಣ ಪ್ರೊಸೆಸರ್ ಹೆಸರಿನ ಬಾಲದಲ್ಲಿತ್ತು. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಭಾಗ ಇಲ್ಲ ಅಂತ ಲೆಕ್ಕ. ಬೆಲೆ ಕಮ್ಮಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ, ಅದು ಯಾಕೆ ಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಇಂಥ ವಿಡಿಯೋ ಬಿಡಿಸುವ ಕ್ವಿಕ್ ಸಿಂಕ್ ಅನ್ನುವ ಸೌಲಭ್ಯ ಇರುವುದೇ ಆ ಒಳಗಿನ ಗ್ರಾಫಿಕ್ಸ್‌ನಲ್ಲಿ. 2011ರಿಂದಲೂ ಇದೆ. ಎಚ್.265ರ 4:2:2 10 ಬಿಟ್ಟನ್ನು 11ನೇ ತಲೆಮಾರಿನಿಂದ ಈಚಿನವು ಸಲೀಸಾಗಿ ಬಿಡಿಸುತ್ತವೆ. ಎನ್‌ವಿಡಿಯಾ ಕಾರ್ಡುಗಳಲ್ಲಿ 4:2:2 ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಭಾವ ತಂದಿದ್ದು ಅದಕ್ಕೂ ಹಿಂದಿನದು. "ಒಂದು ಅಕ್ಷರ ಕಮ್ಮಿ ಇರೋದನ್ನ ತಗೋಬೇಕಿತ್ತು ಭಾವ" ಎಂದೆ. "ಜಾಸ್ತಿ ಅಕ್ಷರ ಇದ್ರೆ ಜಾಸ್ತಿ ಒಳ್ಳೇದು ಅಲ್ವೇನೋ?" ಎಂದರು. ಅವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಪ್ರಾಕ್ಸಿ ಮಾಡಿಕೊಳ್ಳಬಹುದು. ಅಂದರೆ ಮೂಲ ಫೈಲಿನ ಸಣ್ಣದೊಂದು ನಕಲು ಮಾಡಿಕೊಂಡು, ಅದರ ಮೇಲೆ ಎಡಿಟ್ ಮಾಡಿ, ಕೊನೆಗೆ ಮೂಲಕ್ಕೆ ಬದಲಾಯಿಸುವುದು. ಆಪಲ್ 2007ರಲ್ಲಿ ತಂದ ಪ್ರೋರೆಸ್ ಕೋಡೆಕ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರುತ್ತದೆ, ಹಿಂದೆ ಮುಂದೆ ಓಡುವ ಗೋಜಿಲ್ಲ. 1080ಪಿ ಪ್ರೋರೆಸ್ ಪ್ರಾಕ್ಸಿ ಗಂಟೆಗೆ ಸುಮಾರು 17 ಜಿಬಿ ಆಗುತ್ತದೆ. ಭಾವನಿಗೆ ಇದು ರುಚಿಸಲಿಲ್ಲ. "ಇಷ್ಟು ದುಡ್ಡು ಕೊಟ್ಟು ನಕಲಿ ಮೇಲೆ ಯಾಕೆ ಕೆಲಸ ಮಾಡ್ತೀಯ?" ಅಂತ, ನನಗೆ ಗೊತ್ತಿಲ್ಲದ ಹಾಗೆ ಸೆಟ್ಟಿಂಗ್ ಬದಲಿಸಿ, ಎಲ್ಲವನ್ನೂ 4ಕೆ ಪ್ರೋರೆಸ್ 422 ಎಚ್‌ಕ್ಯೂಗೆ ಹಾಕಿಟ್ಟರು. ಅದು ಗಂಟೆಗೆ ಸುಮಾರು 332 ಜಿಬಿ. ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ತುಂಬಿತ್ತು. ಭಾಷಣ ಮುಗಿದಿರಲಿಲ್ಲ.

ಡಿಸ್ಕ್ ತುಂಬಿದ ಮೇಲೆ ಹೊರಗಿನ ಎಸ್‌ಎಸ್‌ಡಿ ಬಂತು. ಒಳ್ಳೆಯದೇ ತಂದಿದ್ದರು, ಸೆಕೆಂಡಿಗೆ 1000 ಎಂಬಿ ಓಡುವುದು. ಕಾಪಿ ಹಾಕಿದರೆ ಸೆಕೆಂಡಿಗೆ 40 ಎಂಬಿ. ಐದಾರು ನಿಮಿಷದಲ್ಲಿ ಆಗಬೇಕಾದದ್ದು ಎರಡು ಗಂಟೆಗೂ ಮೇಲೆ ಎಳೆಯಿತು. ಎಸ್‌ಎಸ್‌ಡಿ ಮೋಸ ಅಂತ ಅದನ್ನು ವಾಪಸ್ ಪ್ಯಾಕ್ ಮಾಡುತ್ತಿದ್ದ ಭಾವನ ಕೈಯಲ್ಲಿ ನೋಡುತ್ತೇನೆ, ಸಿಕ್ಕಿಸಿದ್ದು ಅವರ ಮೊಬೈಲ್ ಚಾರ್ಜರ್ ಕೇಬಲ್. ಟೈಪ್ ಸಿ ತುದಿ ನೋಡೋಕೆ ಎಲ್ಲ ಒಂದೇ. ಆದರೆ ಚಾರ್ಜಿಂಗ್ ಕೇಬಲ್ ಬಹಳಷ್ಟು ಸಲ ಒಳಗೆ ಹಳೇ ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್, ಅಂದರೆ ಹೆಚ್ಚೆಂದರೆ 60 ಎಂಬಿ ಅಷ್ಟೇ. ಯುಎಸ್‌ಬಿ ಹೆಸರಿಡುವವರೂ ನಮಗೆ ಸಹಾಯ ಮಾಡಿದ್ದಾರೆ ಅಂತ ಹೇಳುವ ಹಾಗಿಲ್ಲ. ಯುಎಸ್‌ಬಿ 3.0 ಅಂತ ಇದ್ದದ್ದು ಆಮೇಲೆ 3.1 ಜೆನ್ 1 ಆಯಿತು, ಅದೇ ಮುಂದೆ 3.2 ಜೆನ್ 1 ಆಯಿತು. ವೇಗ ಮಾತ್ರ ಮೂರಕ್ಕೂ ಅದೇ 5 ಗಿಗಾಬಿಟ್. ಡಬ್ಬದ ಮೇಲಿನ ಹೆಸರು ಬಿಟ್ಟು ಗಿಗಾಬಿಟ್ ಎಷ್ಟು ಅಂತ ಮಾತ್ರ ನೋಡುವುದನ್ನು ನಾನು ಅವತ್ತಿನಿಂದ ರೂಢಿ ಮಾಡಿಕೊಂಡೆ.

ಡಿಸ್ಕ್ ವಿಷಯದಲ್ಲಿ ಇನ್ನೊಂದು. ಒಳಗಿನ ಎರಡು ಎಸ್‌ಎಸ್‌ಡಿಗಳನ್ನು ಒಂದೇ ಡಿಸ್ಕಿನ ಹಾಗೆ ಸೇರಿಸಿ (ಇದಕ್ಕೆ ರೈಡ್ 0 ಅನ್ನುತ್ತಾರೆ), "ಸ್ಪೀಡ್ ಡಬಲ್!" ಎಂದಿದ್ದರು. ನಿಜ, ವೇಗ ಬರುತ್ತದೆ. ಎರಡರಲ್ಲಿ ಯಾವುದೇ ಒಂದು ಕೆಟ್ಟರೂ ಎರಡರಲ್ಲಿರುವುದೂ ಹೋಗುತ್ತದೆ, ಆ ಭಯವೂ ಡಬಲ್. ಬಿಡಿಸಿ ಬೇರೆ ಬೇರೆ ಮಾಡಿದೆ. ರ್‍ಯಾಮ್ 32 ಜಿಬಿ ಇತ್ತು, ನನಗೆ ಅದು ಸಾಕು. ಎಫೆಕ್ಟ್ಸ್ ಜಾಸ್ತಿ ಮಾಡುವವರು 64 ಹಾಕಿಸಿಕೊಳ್ಳಲಿ.

ಸಾಫ್ಟ್‌ವೇರ್ ಬಗ್ಗೆ ಭಾವನಿಗೆ ಅಭಿಪ್ರಾಯ ಇರಲಿಲ್ಲ. ಅವರ ಮಗನಿಗಿತ್ತು. ಪ್ರೀಮಿಯರ್ ಪ್ರೋಗೆ ಬಾಡಿಗೆ ಕಟ್ಟುತ್ತಲೇ ಇರಬೇಕು, ನಿಲ್ಲಿಸಿದರೆ ಬಾಗಿಲು ಬಂದ್. ಫೈನಲ್ ಕಟ್ ಬೇಕೆಂದರೆ ಕಂಪ್ಯೂಟರೇ ಆಪಲ್‌ನದು ಆಗಬೇಕು. ಆವಿಡ್ ದೊಡ್ಡ ಸ್ಟುಡಿಯೋಗಳ ಹಿರಿಯ, 1989ರಿಂದ ಇದ್ದಾನೆ, ಕಲಿಯುವುದಕ್ಕೆ ತಾಳ್ಮೆ ಬೇಕು. ಡಾವಿಂಚಿ ರಿಸಾಲ್ವ್ ಹುಟ್ಟಿದ್ದೇ ಬಣ್ಣ ತಿದ್ದುವುದಕ್ಕೆ, ಎಡಿಟಿಂಗ್ ಆಮೇಲೆ ಸೇರಿದ್ದು. ಉಚಿತ ಆವೃತ್ತಿಯೂ ಇದೆ, ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯೂ ಇದೆ. ನನ್ನ ಕೆಲಸಕ್ಕೆ ಕೊನೆಯದೇ ಸರಿ ಅಂತ ನನ್ನ ಲೆಕ್ಕ. ಇಷ್ಟನ್ನು ಹೇಳುವಷ್ಟರಲ್ಲಿ ಅಕ್ಕನ ಮಗ, "ಮಾಮ, ಲಿನಕ್ಸ್ ಹಾಕು, ಎಲ್ಲಾ ಫ್ರೀ" ಅಂತ ಹಾಕಿಯೇಬಿಟ್ಟಿದ್ದ. ಅವನು ಇಳಿಸಿದ ಉಚಿತ ಎಡಿಟರ್ ಚೆನ್ನಾಗಿ ತೆರೆಯಿತು, ನನ್ನ ಫೈಲುಗಳಲ್ಲಿ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಕೋಡೆಕ್‌ಗಳಿಗೆ ಲೈಸೆನ್ಸ್ ದುಡ್ಡು ಇರುತ್ತದೆ, ಉಚಿತವಾಗಿ ಕೊಡುವ ಕೆಲವರು ಅದನ್ನೇ ಬಿಟ್ಟುಬಿಡುತ್ತಾರೆ. "ಆದ್ರೆ ಎಷ್ಟು ಬೇಗ ಓಪನ್ ಆಯ್ತು ನೋಡು ಮಾಮ" ಎಂದ. ಥೇಟ್ ಅಪ್ಪನೇ.

ಮಾನಿಟರ್ ಕಥೆ ಚಿಕ್ಕದು. 165 ಹರ್ಟ್ಸ್‌ನ ಗೇಮಿಂಗ್ ಮಾನಿಟರ್. ನನ್ನ ವಿಡಿಯೋ ಇರುವುದು ಸೆಕೆಂಡಿಗೆ 25 ಫ್ರೇಮು. ಅದರ ಜೊತೆಗೆ ಕಾರ್ಖಾನೆಯಿಂದಲೇ ಬಂದ ಝಗಮಗ ಮೋಡ್‌ನಲ್ಲಿ ಎಲ್ಲರ ಮುಖವೂ ಕೆಂಪು. ಕೆಂಪು ತಗ್ಗಿಸಿ ಕಳಿಸಿದೆ. ಗಿರಾಕಿ ಫೋನ್ ಮಾಡಿ, "ಸರ್, ನಮ್ಮ ಅಧ್ಯಕ್ಷರಿಗೆ ಕಾಮಾಲೆ ಥರ ಕಾಣ್ತಿದೆ, ಎಲ್ಲರೂ ಆರೋಗ್ಯ ವಿಚಾರಿಸ್ತಿದಾರೆ" ಎಂದರು. ಎಡಿಟಿಂಗ್‌ಗೆ ಬೇಕಾದದ್ದು ಹರ್ಟ್ಸ್ ಅಲ್ಲ, ರೆಕ್.709 ಅನ್ನುವ ಎಚ್‌ಡಿ ವಿಡಿಯೋ ಮಾನದಂಡದ ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಪರದೆ, ಜೊತೆಗೆ ಆಗಾಗ ಅದನ್ನು ತಿದ್ದಿಕೊಳ್ಳುವ ಕ್ಯಾಲಿಬ್ರೇಟರ್. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಮಾತ್ರ ಭಾವನನ್ನು ಹೊಗಳಲೇಬೇಕು. ಬಣ್ಣ ತಿದ್ದುವಾಗ, ಚಿತ್ರದಲ್ಲಿನ ಕಾಳು ಕಾಳು ನಾಯ್ಸ್ ತೆಗೆಯುವಾಗ ಅದು ಜೀವ ಬಿಟ್ಟು ಕೆಲಸ ಮಾಡಿತು. 3% ಅಂತ ಆಡಿಕೊಂಡಿದ್ದನ್ನು ವಾಪಸ್ ತಗೊಂಡಿದ್ದೇನೆ.

ಕೊನೆಗೆ ಪ್ರೊಸೆಸರ್ ಬದಲಾಯಿತು, ಕೇಬಲ್ ಬದಲಾಯಿತು, ಎಡಿಟ್ ಮುಗಿಯಿತು. ಎಕ್ಸ್‌ಪೋರ್ಟ್‌ಗೆ ಹಾಕಿದೆ. ಕರೆಂಟ್ ಹೋದರೂ ಚಿಂತೆ ಇಲ್ಲ, ಭಾವನ ಯುಪಿಎಸ್ ಇದೆ. ಅದು 600 ವಿಎ. ವಿಎ ಬೇರೆ, ವ್ಯಾಟ್ ಬೇರೆ. ಅಂಥ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ನಮ್ಮ ಡಬ್ಬ ಎಕ್ಸ್‌ಪೋರ್ಟ್ ಮಾಡುವಾಗ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಹೀಗಾಗಿ ಯುಪಿಎಸ್ ಒಂದೇ ಸಮನೆ ಕುಯ್ ಅನ್ನುತ್ತಿತ್ತಂತೆ. ಭಾವ ನಿದ್ದೆ ಹಾಳಾಗುತ್ತದೆ ಅಂತ ಡಬ್ಬದ ಪ್ಲಗ್ ತೆಗೆದು ಗೋಡೆಗೆ ಹಾಕಿದ್ದರು. ನನಗೆ ಹೇಳಿರಲಿಲ್ಲ. 97% ಆಗಿದ್ದಾಗ ಕರೆಂಟ್ ಹೋಯಿತು. ಫ್ಯಾನು ನಿಂತವು, 1 ಕೋಟಿ 67 ಲಕ್ಷ ಬಣ್ಣವೂ ಹೋಯಿತು. ಯುಪಿಎಸ್‌ಗೆ ಸಿಕ್ಕಿಸಿದ್ದ ಮಾನಿಟರ್ ಮಾತ್ರ ಝಗಮಗ ಮೋಡ್‌ನಲ್ಲಿ 'ನೋ ಸಿಗ್ನಲ್' ಅಂತ ತೋರಿಸುತ್ತಿತ್ತು.

ಭಾವ ಟಾರ್ಚ್ ಹಿಡಿದು ಬಂದರು. ಪರದೆ ನೋಡಿದರು, ನನ್ನ ಮುಖ ನೋಡಿದರು.

"ಪರವಾಗಿಲ್ವೇ, ಯುಪಿಎಸ್ ಚೆನ್ನಾಗಿ ಕೆಲಸ ಮಾಡ್ತಾ ಇದೆ" ಎಂದರು.