ಆ ನದಿಯನ್ನು ರೂಸ್‌ವೆಲ್ಟ್ ಕಂಡುಹಿಡಿದದ್ದಲ್ಲ

ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಬ್ರೆಜಿಲ್ ನದಿಯಾತ್ರೆಯ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ 1914ರಲ್ಲಿ ಬ್ರೆಜಿಲ್‌ನ 'ಸಂಶಯದ ನದಿ'ಯನ್ನು ರೂಸ್‌ವೆಲ್ಟ್ ಕಂಡುಹಿಡಿದರು ಅನ್ನೋ ಸಾಲನ್ನು ನಾನು ಒಪ್ಪುವುದಿಲ್ಲ. ಅದರ ಮೂಲವನ್ನು 1909ರಲ್ಲೇ ನೋಡಿ, ಎಲ್ಲಿಗೆ ಹೋಗಿ ಸೇರುತ್ತದೋ ತಿಳಿಯದೆ ಆ ಹೆಸರಿಟ್ಟವರು ಬ್ರೆಜಿಲ್ ಸೇನೆಯ ಕರ್ನಲ್ ಕ್ಯಾಂಡಿಡೊ ರೊಂಡನ್. ಟೆಲಿಗ್ರಾಫ್ ತಂತಿ ಎಳೆಯಲು ಆ ಕಾಡಿನಲ್ಲಿ ವರ್ಷಗಟ್ಟಲೆ ಅಲೆದವರು. ಯಾತ್ರೆಯಲ್ಲಿ ರೂಸ್‌ವೆಲ್ಟ್ ಜೊತೆಗೆ ಅವರೂ ನಾಯಕರು. ಲೇಖನದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ವಾಕ್ಯ!

ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಯಾತ್ರೆಯಲ್ಲಿ ರೊಂಡನ್ ಅವರ ನಾಯಿ ಲೋಬೊ ಸತ್ತ ಘಟನೆ. ಅದು ಬಾಣ ತಗುಲಿ ಸತ್ತಿತು. ಬಿಟ್ಟವರು ಕಣ್ಣಿಗೆ ಕಾಣಲಿಲ್ಲ. ಬೇರೆಯವರಾಗಿದ್ದರೆ ಬಂದೂಕು ಎತ್ತುತ್ತಿದ್ದರು, ಅಲ್ವಾ? ರೊಂಡನ್ ಅಲ್ಲಿ ಉಡುಗೊರೆ ಇಟ್ಟು ಬಂದರು. 'ಬೇಕಾದರೆ ಸಾಯಿರಿ, ಕೊಲ್ಲಬೇಡಿ' ಎಂಬುದು ಅವರು ತಮ್ಮವರಿಗೆ ಹಾಕಿದ್ದ ನಿಯಮ. ಅವರ ತಾಯಿಯ ಕಡೆಯವರು ಮೂಲನಿವಾಸಿಗಳು ಎಂಬುದನ್ನೂ ಮರೆಯಬಾರದು. ಇನ್ನು 'ಮನುಷ್ಯರೇ ಇಲ್ಲದ ಕಾಡು' ಅಂತ ಬರೆದಿದ್ದೀರಿ. ಅದು ಸಿಂಟಾ ಲಾರ್ಗಾ ಎಂಬ ಮೂಲನಿವಾಸಿ ಜನರ ನಾಡು. ಈಗಲೂ ಅವರು ಅಲ್ಲಿದ್ದಾರೆ.

ರೂಸ್‌ವೆಲ್ಟ್ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಕಾಲಿನ ಗಾಯ ಕೀವಾಗಿ, ಜ್ವರ ಏರಿದಾಗ ತನ್ನನ್ನು ಬಿಟ್ಟು ಹೋಗಿ ಎಂದವರು ಅವರು. ಆದರೆ ಸುಳಿಗಳ ಪಕ್ಕದಲ್ಲಿ ಕಾಡು ಕಡಿದು, ಮರದ ದೋಣಿಗಳನ್ನು ಹಗ್ಗ ಕಟ್ಟಿ ಎಳೆದ ಬ್ರೆಜಿಲ್‌ನ ಕೂಲಿಯಾಳುಗಳು? ಅವರಲ್ಲಿ ಸಿಂಪ್ಲಿಸಿಯೊ ಎಂಬಾತ ನೀರುಪಾಲಾದ. ಅವನ ಹೆಸರಾದರೂ ಲೇಖನದಲ್ಲಿ ಬರಬೇಕಿತ್ತು. ದಯವಿಟ್ಟು ಸೇರಿಸಿ.